ಷಡ್ಡಕನ ಕಾರಿನ ಹಿಂದಿನ ಸೀಟು

ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತಿರವಾಯಿತೆಂದರೆ ಮೇಸ್ತ್ರಿಗೆ ಕೈಗೊಂದು ಕೆಲಸ ಬೇಕಾಗುತ್ತಿತ್ತು. ನಲ್ಲಿಯ ವಾಷರ್ ಬದಲಾಯಿಸುವುದೋ, ಬಾಗಿಲಿನ ತಿರುಗಣೆಗೆ ಎಣ್ಣೆ ಬಿಡುವುದೋ, ಏನೂ ಸಿಗದಿದ್ದರೆ ಹೊಸಿಲ ಬಳಿಯ ಚಪ್ಪಲಿಗಳನ್ನು ಜೋಡಿಸಿಡುವುದೋ. ಷಡ್ಡಕನ ಕಾರು ಮನೆ ಮುಂದೆ ಬಂದು ನಿಲ್ಲುವ ಹೊತ್ತಿಗೆ ತಾನು ಪುರುಸೊತ್ತಿಲ್ಲದ ಮನುಷ್ಯನ ಹಾಗೆ ಕಾಣಬೇಕು, ಅಷ್ಟೇ.

ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಆಸ್ಪತ್ರೆಗಳಿಗೆ ಮಂಚ ಮಾರುವ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಎತ್ತರದ ಆಳು, ಗೆರೆ ಮುರಿಯದ ಅಂಗಿ, ಯಾರ ಮನೆಗೆ ಹೋದರೂ ಮೊದಲು ಮಕ್ಕಳನ್ನು ಮಾತಾಡಿಸುವವನು. ಮೂರು ವರ್ಷದ ಹಿಂದೆ ಅವನು ಬೂದು ಬಣ್ಣದ ಹೊಸ ಕಾರೊಂದನ್ನು ಲೀಸಿಗೆ ತೆಗೆದುಕೊಂಡಿದ್ದ. ತಿಂಗಳು ತಿಂಗಳು ಬಾಡಿಗೆ ಕಟ್ಟುವುದು, ಮೂರು ವರ್ಷವಾದ ಮೇಲೆ ಕಾರನ್ನು ಷೋರೂಮಿಗೆ ಒಪ್ಪಿಸಿ ಇನ್ನೊಂದು ಹೊಸದನ್ನು ತರುವುದು. ಕಾರು ಎಂದೂ ಹಳೆಯದಾಗುವುದಿಲ್ಲವಲ್ಲ ಎಂದು ಅವನು ಹೇಳಿದ ದಿನದಿಂದ ಮೇಸ್ತ್ರಿಯ ಹೊಟ್ಟೆಯೊಳಗೆ ಸಣ್ಣಗೊಂದು ಕಿಚ್ಚು ಹತ್ತಿಕೊಂಡಿತ್ತು.

ಮೇಸ್ತ್ರಿಯದು ಸೀಟು ಹೊಲಿಯುವ ಕೆಲಸ. ಸೋಫಾ, ಕುರ್ಚಿ, ಬಸ್ಸಿನ ಸೀಟು, ಕ್ಷೌರದಂಗಡಿಯ ತಿರುಗುವ ಕುರ್ಚಿ, ಮನುಷ್ಯ ಎಲ್ಲೆಲ್ಲಿ ಕೂರುತ್ತಾನೋ ಅಲ್ಲೆಲ್ಲ ಅವನ ಸೂಜಿ ಇಳಿದಿತ್ತು. ಪೇಟೆಯವರೆಲ್ಲ ಮೇಸ್ತ್ರಿ ಎಂದು ಕರೆಯುತ್ತಿದ್ದುದರಿಂದ ನೆಂಟರಿಗೂ ಅವನು ಮೇಸ್ತ್ರಿಯೇ ಆಗಿದ್ದ. ಸಾಮಾನು ಸಾಗಿಸಲು ಒಂದು ವ್ಯಾನಿತ್ತು. ಒಳಗೆ ಅಂಟಿನ ವಾಸನೆ, ಮೂಲೆಯಲ್ಲಿ ಫೋಮಿನ ಚೂರು, ಬ್ರೇಕು ಹಾಕಿದರೆ ಡಬ್ಬಿಯಲ್ಲಿ ಗಲಗಲ ಎನ್ನುವ ಮೊಳೆಗಳು.

ಅತ್ತೆ ಇದ್ದದ್ದು ಇವನ ಮನೆಯಲ್ಲೇ, ಆರು ವರ್ಷದಿಂದ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಮಂಡಿ ಕೈಕೊಟ್ಟಿತ್ತು, ಕಿವಿ ಮಾತ್ರ ಪಕ್ಕದ ಮನೆಯ ಪಿಸುಮಾತನ್ನೂ ಬಿಡುತ್ತಿರಲಿಲ್ಲ. ಅವರಿಗೆ ಬಿಸಿನೀರು ಕಾಯಿಸಿಡುವವನು ಮೇಸ್ತ್ರಿ, ಮಂಡಿಗೆ ಎಣ್ಣೆ ತರುವವನು ಮೇಸ್ತ್ರಿ, ಬೆನ್ನಿಗೆ ಒತ್ತದಂಥ ಕುರ್ಚಿಯೊಂದನ್ನು ಮೂರು ಸಲ ಬಿಚ್ಚಿ ಹೊಲಿದುಕೊಟ್ಟವನೂ ಮೇಸ್ತ್ರಿ. ಆದರೆ ಭಾನುವಾರ ಷಡ್ಡಕ ಬಂದು, ಕಾರಿನ ಬಾಗಿಲು ತೆರೆದು ಹಿಡಿದು, ಎರಡು ಗಂಟೆ ಕೆರೆಯ ಸುತ್ತ ಸುತ್ತಾಡಿಸಿಕೊಂಡು ತಂದುಬಿಟ್ಟನೆಂದರೆ ಮುಂದಿನ ಭಾನುವಾರದ ತನಕ ಅದೇ ಕಥೆ. ಒಂದು ಕುಲುಕಿಲ್ಲವಂತೆ, ಒಳಗೆ ಕೂತರೆ ಹೊರಗಿನ ಗಲಾಟೆ ಕೇಳುವುದೇ ಇಲ್ಲವಂತೆ, ಸೀಟು ತಾನಾಗಿಯೇ ಬೆಚ್ಚಗಾಗುತ್ತದಂತೆ. ಊಟಕ್ಕೆ ಕೂತಾಗ ಇದನ್ನೆಲ್ಲ ಕೇಳುತ್ತ ಮೇಸ್ತ್ರಿ ತಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ. ಷಡ್ಡಕನ ಕಾರಿಗೆ ಹೊರಟಾಗ ಅತ್ತೆ ಇಸ್ತ್ರಿ ಮಾಡಿದ ಬಟ್ಟೆ ಉಡುತ್ತಿದ್ದರು. ತನ್ನ ವ್ಯಾನಿನಲ್ಲಿ ಆಸ್ಪತ್ರೆಗೆ ಹೊರಟಾಗ, ಅಂಟು ಮೆತ್ತಿಕೊಂಡೀತೆಂದು ಹಳೆಯ ಶಾಲು ಹೊದ್ದುಕೊಳ್ಳುತ್ತಿದ್ದರು. ಅವನು ಅದನ್ನು ಯಾರಿಗೂ ಹೇಳಲಿಲ್ಲ, ಮರೆಯಲೂ ಇಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಹೋಟೆಲೊಂದಕ್ಕೆ ಹನ್ನೆರಡು ಕುರ್ಚಿ ತಲುಪಿಸಿ ಬರುವ ದಾರಿಯಲ್ಲಿ ವ್ಯಾನು ನಿಂತೇಬಿಟ್ಟಿತು. ಗ್ಯಾರೇಜಿನವನು ಬಗ್ಗಿ ನೋಡಿ, ಎದ್ದು ಕೈಯೊರೆಸಿಕೊಂಡು, ಗೇರ್‌ಬಾಕ್ಸ್ ಪುಡಿಯಾಗಿದೆ, ಇದರ ಮೇಲೆ ಇನ್ನು ಕೈ ಹಾಕುವುದು ದಂಡ ಎಂದ. ಮೇಸ್ತ್ರಿಗೆ ದುಃಖವಾಗಬೇಕಿತ್ತು. ಹದಿನಾಲ್ಕು ವರ್ಷ ದುಡಿದ ಗಾಡಿ. ಆದರೆ ಮನೆಗೆ ನಡೆದು ಬರುವಾಗ ಅವನ ತಲೆಯೊಳಗೆ ಓಡುತ್ತಿದ್ದುದೇ ಬೇರೆ: ನಾನೂ ಲೀಸಿಗೆ ಒಂದು ಕಾರು ತೆಗೆದರೆ ಹೇಗೆ? ಅದೂ ಅವನದಕ್ಕಿಂತ ಒಂದು ಕೈ ದೊಡ್ಡದು.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಯಾವುದನ್ನೂ ಎರಡು ಸಲ ನೋಡದೆ ಒಪ್ಪುವವಳಲ್ಲ. ನಮಗೆ ಬೇಕಾದ್ದು ಸೋಫಾ ಹಿಡಿಸುವ ಗಾಡಿ, ಸೆಕೆಂಡ್‌ಹ್ಯಾಂಡಾದರೂ ಸರಿ, ಕೊಂಡುಬಿಡೋಣ ಎಂದಳು. ಇವನು, ಸಾಮಾನಿಗೆ ಬೇಕಾದಾಗ ಟೆಂಪೋ ಕರೆಸಿದರಾಯಿತು, ಇಷ್ಟು ವರ್ಷ ದುಡಿದು ಮನೆಯವರನ್ನು ಒಂದು ದಿನ ನೆಮ್ಮದಿಯಾಗಿ ಕೂರಿಸಿಕೊಂಡು ಹೋಗಿದ್ದೇನಾ ಎಂದು ರಾಗ ಎಳೆದ. ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು.

"ಲೀಸು ಅಂದ್ರೆ ಅದು ನಮ್ದಲ್ಲ ಕಣ್ರೀ. ಒಂದು ಮೊಳೆ ತಾಗಿ ಗೀರು ಬಿದ್ರೂ ದಂಡ ಕಟ್ಟಬೇಕು. ಕೈಯಲ್ಲಿ ಸುತ್ತಿಗೆ ಹಿಡಿಯೋರಿಗೆ ಅದು ಸರಿಹೋಗುತ್ತಾ?"

"ಭಾವನಿಗೆ ಸರಿಹೋಗಿಲ್ವಾ?"

"ಅವರು ಮಂಚ ಮಾರ್ತಾರೆ, ಹೊತ್ಕೊಂಡು ಹೋಗಲ್ಲ," ಎಂದು ಅವಳು ಒಣಗಿದ ಬಟ್ಟೆ ಮಡಚಲು ಎದ್ದಳು. ಮಾತು ಅಲ್ಲಿಗೆ ನಿಂತಿತು. ಆದರೆ ಮೇಸ್ತ್ರಿಯ ಮನಸ್ಸು ನಿಲ್ಲಲಿಲ್ಲ.

ಮಾರನೆಯ ದಿನವೇ ಅವನು ಷಡ್ಡಕ ಕಾರು ತಂದಿದ್ದ ಷೋರೂಮಿಗೆ ಹೋದ. ಕಾಲಿಟ್ಟರೆ ಜಾರುವಂಥ ನೆಲ, ಎತ್ತರದ ಗಾಜು, ಹೊಸ ಟೈರಿನ ವಾಸನೆ. ಅಲ್ಲಿದ್ದ ಹುಡುಗಿ ನಗುನಗುತ್ತ ಕೂರಿಸಿ ಒಂದೊಂದೇ ಪ್ರಶ್ನೆ ಕೇಳಿದಳು. ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ಯಾರು ಯಾರು ಕೂರುತ್ತಾರೆ, ಕೆಲಸದ ಸಾಮಾನೇನಾದರೂ ಸಾಗಿಸುವುದುಂಟೇ? ಏನೂ ಇಲ್ಲ, ಮನೆಯವರು ಮಾತ್ರ ಎಂದ ಮೇಸ್ತ್ರಿ, ಬೆರಳಿಗಂಟಿದ್ದ ಒಣ ಅಂಟನ್ನು ಮೇಜಿನ ಕೆಳಗೆ ಉಜ್ಜಿಕೊಳ್ಳುತ್ತ. ಷಡ್ಡಕನ ಕಾರಿಗಿಂತ ಒಂದು ಮೆಟ್ಟಿಲು ಮೇಲಿನದನ್ನು ತೋರಿಸಿದಳು. ಅದರ ಮೇಲ್ಛಾವಣಿಯೇ ಗಾಜಿನದು. ಒಳಗೆ ಕೂತು ಹೊಲಿಗೆಯ ಮೇಲೆ ಬೆರಳಾಡಿಸಿದ, ಒಂದು ಎಳೆಯೂ ತಪ್ಪಿರಲಿಲ್ಲ. ಇದು ಆ ಇನ್ನೊಂದಕ್ಕಿಂತ ದೊಡ್ಡದು ತಾನೇ ಎಂದು ಮೂರು ಸಲ ಕೇಳಿದ. ಮೂರನೆಯ ಸಲ ಆ ಹುಡುಗಿಗೆ ನಗು ತಡೆಯಲಾಗಲಿಲ್ಲ.

ಅಂಗಡಿಯ ಎರಡು ವರ್ಷದ ತೆರಿಗೆ ಕಾಗದ ತಂದುಕೊಟ್ಟರೆ ಸಹಿ ಹಾಕಿಸಿಕೊಳ್ಳುತ್ತೇವೆ ಎಂದರು. ಎರಡು ವಾರ ಬಿಟ್ಟು ಶುಕ್ರವಾರ ಬರುವುದೆಂದಾಯಿತು. ದಾರಿಯುದ್ದಕ್ಕೂ ಮೇಸ್ತ್ರಿ ಒಂದೇ ದೃಶ್ಯವನ್ನು ತಿರುಗಿಸಿ ತಿರುಗಿಸಿ ನೋಡಿದ: ಭಾನುವಾರ ಮೂರು ಗಂಟೆಗೆ ಷಡ್ಡಕ ಬರುತ್ತಾನೆ, ಮನೆ ಮುಂದೆ ತನ್ನ ಕಾರು ನಿಂತಿರುತ್ತದೆ, ಅವನಿಗೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಷಡ್ಡಕ ಅಂಗಡಿಗೆ ಬಂದ. ಇಷ್ಟು ವರ್ಷದಲ್ಲಿ ಅವನು ಅಂಗಡಿಯ ಹೊಸಿಲು ತುಳಿದದ್ದು ಎರಡೋ ಮೂರೋ ಸಲ. ಕಾರನ್ನು ಎದುರಿಗೆ ನಿಲ್ಲಿಸದೆ ಹಿಂದಿನ ಓಣಿಯಲ್ಲಿ ನಿಲ್ಲಿಸಿದ್ದ. ಅಂಗಿಯ ತೋಳು ಮಡಚಿತ್ತು, ಗಡ್ಡ ಎರಡು ದಿನದ್ದು.

ಹಿಂದಿನ ಸೀಟಿನ ಮೇಲೆ, ಬಲಗಡೆ, ಒಂದು ಗೇಣುದ್ದ ಲೆದರ್ ಹರಿದು ಬಾಯಿ ಬಿಟ್ಟಿತ್ತು. ಅತ್ತೆಯ ಊರುಗೋಲಿನ ತುದಿಯ ರಬ್ಬರ್ ಸವೆದು ಒಳಗಿನ ಲೋಹ ಹೊರಗೆ ಬಂದಿದೆ, ಇಳಿಯುವಾಗ ಅವರು ಸೀಟಿಗೆ ಊರಿ ಎದ್ದಿದ್ದಾರೆ, ಅವರಿಗೆ ಅದು ಗೊತ್ತೇ ಆಗಿಲ್ಲ ಎಂದು ಷಡ್ಡಕ ವಿವರಿಸಿದ. ಸೋಮವಾರ ಲೀಸು ಮುಗಿಯುತ್ತದೆ, ಕಾರು ಒಪ್ಪಿಸಬೇಕು, ಅಲ್ಲಿ ಒಬ್ಬ ಇನ್‌ಸ್ಪೆಕ್ಟರು ಇಂಚಿಂಚೂ ನೋಡುತ್ತಾನೆ.

"ಅತ್ತೆಗೆ ಹೇಳ್ಬೇಡಿ ಮೇಸ್ತ್ರಿ. ತಿಳಿದ್ರೆ ಇನ್ಯಾವತ್ತೂ ಯಾರ ಗಾಡೀನೂ ಹತ್ತಲ್ಲ ಅಂತ ಕೂತುಬಿಡ್ತಾರೆ."

ಮೇಸ್ತ್ರಿಗೆ ಇದು ಇನ್ನೂ ಚುಚ್ಚಿತು. ಇಂಥ ಹೊತ್ತಿನಲ್ಲೂ ಒಳ್ಳೆಯತನ ತೋರಿಸಲು ಇವನಿಗೆ ಬರುತ್ತದಲ್ಲ! ಬಾಯಲ್ಲಿ ಮಾತ್ರ, ಮುಂದಿನ ಕಾರು ಯಾವ ಬಣ್ಣದ್ದು ತೆಗೀತೀರಿ ಭಾವ ಎಂದು ಕೇಳಿದ.

ಷಡ್ಡಕ ಸ್ಟೂಲು ಎಳೆದುಕೊಂಡು ಕೂತ. ಮುಂದಿನದು ಇಲ್ಲ ಎಂದ. ಕಂಪನಿಯವರು ಅವನ ವಿಭಾಗವನ್ನೇ ಮುಚ್ಚಿದ್ದರು, ತಿಂಗಳಾಗಿತ್ತು. ಸದ್ಯಕ್ಕೆ ಬಸ್ಸು, ಮುಂದೆ ನೋಡೋಣ, ಇದನ್ನೂ ನಿಮ್ಮ ಮನೆಯಲ್ಲಿ ಹೇಳಬೇಡಿ ಎಂದು ಕೈಯಲ್ಲಿದ್ದ ಕಾರಿನ ಕೀಯನ್ನು ತಿರುಗಿಸುತ್ತ ಕೂತ.

ಅಯ್ಯೋ ಪಾಪ ಎಂದಿತು ಮೇಸ್ತ್ರಿಯ ನಾಲಿಗೆ. ಎದೆಯೊಳಗೆ ಮಾತ್ರ, ಬಹಳ ದಿನದಿಂದ ಮುಚ್ಚಿದ್ದ ಕಿಟಕಿಯೊಂದನ್ನು ಯಾರೋ ದಬ್ಬಿ ತೆರೆದ ಹಾಗೆ ತಣ್ಣನೆ ಗಾಳಿ ಆಡಿತು. ಇಷ್ಟು ಖುಷಿಯಾಗಬಾರದು ಎಂದು ಅವನಿಗೆ ಗೊತ್ತಿತ್ತು. ಆದರೂ ಆಯಿತು.

ಕೆಲಸಕ್ಕೆ ಎರಡು ದಾರಿ ಇದ್ದವು. ಸೀಟಿನ ಅಡಿಯಲ್ಲಿ ಕಣ್ಣಿಗೆ ಬೀಳದ ಕಡೆ ಅದೇ ಲೆದರಿನ ಅಗಲವಾದ ಒಳಮಡಿಕೆ ಇರುತ್ತದೆ. ಅದನ್ನು ಕತ್ತರಿಸಿ ಮೇಲೆ ಕೂಡಿಸಿ, ಹಳೆಯ ಹೊಲಿಗೆಯ ತೂತುಗಳಲ್ಲೇ ದಾರ ಓಡಿಸಿದರೆ ಹೊಲಿದವನಿಗೇ ಗುರುತು ಸಿಗುವುದಿಲ್ಲ. ಇಡೀ ಸೀಟು ಬಿಚ್ಚಬೇಕು, ಮೂರು ಗಂಟೆಯ ಕೆಲಸ. ಇನ್ನೊಂದು, ಅಂಗಡಿಯಲ್ಲಿದ್ದ ಹೊಸ ಸುರುಳಿಯಿಂದ ಬೂದು ಲೆದರಿನ ತುಂಡು ತೆಗೆದು ಹೊಲಿಯುವುದು. ಮೇಸ್ತ್ರಿ ಸುರುಳಿ ಬಿಚ್ಚಿ ತುಂಡನ್ನು ಸೀಟಿನ ಪಕ್ಕ ಹಿಡಿದ. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ಬಣ್ಣ. ಯಾವ ಕೆಲಸವಾದರೂ ಸರಿ, ತುಂಡನ್ನು ಬಾಗಿಲ ಹೊರಗೆ ಒಯ್ದು ಬಿಸಿಲಿಗೆ ಹಿಡಿದು ನೋಡದೆ ಕತ್ತರಿ ಹಾಕಬಾರದು ಎಂಬುದು ಇಪ್ಪತ್ತೆರಡು ವರ್ಷದಿಂದ ಅವನೇ ಪಾಲಿಸಿಕೊಂಡು ಬಂದ ನಿಯಮ. ಬಾಗಿಲು ಎಂಟು ಹೆಜ್ಜೆ ದೂರದಲ್ಲಿತ್ತು. ಅವನು ಎದ್ದು ಹೋಗಲಿಲ್ಲ. ಹೋಗಿದ್ದರೆ ಏನು ಕಾಣುತ್ತಿತ್ತು ಎಂದು ಅವನಿಗೆ ಗೊತ್ತಿತ್ತು.

ಒಂದೇ ಗಂಟೆಯಲ್ಲಿ ಮುಗಿಸಿದ. ಹೊಲಿಗೆ ಮಾತ್ರ ಮುತ್ತು ಪೋಣಿಸಿದ ಹಾಗೆ ಬಂತು. ಷಡ್ಡಕ ಬಗ್ಗಿ ನೋಡಿ, ಎಲ್ಲಿ ಹರಿದಿತ್ತೆಂದೇ ಗೊತ್ತಾಗುವುದಿಲ್ಲವಲ್ಲ ಎಂದು ಬೆರಗಾದ. ಜೇಬಿಗೆ ಕೈ ಹಾಕಿದವನನ್ನು ಮೇಸ್ತ್ರಿ ತಡೆದು, ನಮ್ಮೊಳಗೆ ಅದೆಲ್ಲ ಯಾಕೆ ಭಾವ ಎಂದು ದೊಡ್ಡ ಮನಸ್ಸಿನವನಂತೆ ನಕ್ಕ. ಅಂಥ ನಗು ನಗಲು ಮೂರು ವರ್ಷದಿಂದ ಅವನಿಗೆ ಅವಕಾಶವೇ ಸಿಕ್ಕಿರಲಿಲ್ಲ.

ಬುಧವಾರ ಸಂಜೆ ಹೆಂಡತಿಯ ಅಕ್ಕ ಬಸ್ಸಿನಲ್ಲಿ ಬಂದಿಳಿದಳು. ಅತ್ತೆ ಪಕ್ಕದ ಮನೆಗೆ ಹೋಗಿದ್ದರಿಂದ ಅಡುಗೆಮನೆಯಲ್ಲಿ ತಂಗಿಯ ಎದುರು ಕೂತು ಎಲ್ಲವನ್ನೂ ಹೇಳಿಕೊಂಡಳು. ಗಂಡನ ಕೆಲಸ ಹೋದದ್ದು, ಕಾರು ಒಪ್ಪಿಸಿದ್ದು, ಸೀಟಿನ ತೇಪೆಯ ಬಣ್ಣ ಬೇರೆಯೆಂದು ಇನ್‌ಸ್ಪೆಕ್ಟರು ಅಂಗಳದ ಬಿಸಿಲಲ್ಲಿ ಕಂಡುಹಿಡಿದು ಇಡೀ ಹಿಂದಿನ ಸೀಟಿನ ಬೆಲೆಯನ್ನು ದಂಡ ಹಾಕಿದ್ದು. ಇಂಥ ಸಮಯದಲ್ಲಿ ಇದೊಂದು ಬೇರೆ ಎಂದು ಸೆರಗಿನಿಂದ ಮೂಗೊರೆಸಿಕೊಂಡಳು. ಮೇಸ್ತ್ರಿ ನಡುಮನೆಯಲ್ಲಿ ಪೇಪರಿನ ಹಿಂದೆ ಕೂತಿದ್ದ.

"ನಾನು ಕೇಳಿದೆ, ಮೇಸ್ತ್ರಿ ಸ್ವಲ್ಪ ನೋಡಿ ಹಾಕ್ಬಾರ್ದಾಗಿತ್ತಾ ಅಂತ," ಎಂದಳು ಅಕ್ಕ. "ಇವರಿಗೆ ಸಿಟ್ಟೇ ಬಂತು. ಅವನ ಕೈಲಿ ಆಗದ್ದು ಇನ್ಯಾರ ಕೈಲೂ ಆಗ್ತಿರ್ಲಿಲ್ಲ, ಸುಮ್ನಿರು ಅಂದ್ರು."

ಪೇಪರಿನ ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ, ಉತ್ತರವೂ ಸಿದ್ಧವಿತ್ತು: ತುಂಡು ಒಂದೇ ಬಣ್ಣ ಇತ್ತು, ಟ್ಯೂಬ್‌ಲೈಟಿನ ತಪ್ಪು, ನಾನೇನು ಮಾಡಲಿ. ಷಡ್ಡಕ ಬೈಯಲೇ ಇಲ್ಲವಲ್ಲ. ಆ ಸಂಜೆ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ. ಆದರೆ, ನಿಜ ಹೇಳಬೇಕೆಂದರೆ, ಆ ಸಂಕಟದ ಅಡಿಯಲ್ಲೂ ಒಂದು ಹಾಳು ಯೋಚನೆ ಮಿಣುಗುಟ್ಟುತ್ತಲೇ ಇತ್ತು: ಈ ಭಾನುವಾರ ಅತ್ತೆ ಎಲ್ಲಿಗೆ ಹೋಗುತ್ತಾರೆ ನೋಡೋಣ.

ಶುಕ್ರವಾರ ತೆರಿಗೆ ಕಾಗದಗಳನ್ನು ಹಿಡಿದು ಷೋರೂಮಿಗೆ ಹೋದ. ಆ ಹುಡುಗಿ ಬೇರೆ ಗಿರಾಕಿಯ ಜೊತೆಗಿದ್ದಳು, ಅರ್ಧ ಗಂಟೆ ಕಾಯಿರಿ ಎಂದಳು. ಕಾಯುತ್ತ ಕೂತವನ ಕಣ್ಣಿಗೆ ಹಿಂದಿನ ಅಂಗಳ ಕಂಡಿತು. ಮರಳಿ ಬಂದ ಕಾರುಗಳ ಸಾಲಿನಲ್ಲಿ ಮೂರನೆಯದು ಷಡ್ಡಕನದು. ಕಾಲು ತಾನಾಗಿ ಅತ್ತ ನಡೆಯಿತು. ಹಿಂದಿನ ಬಾಗಿಲು ತೆರೆದಿತ್ತು, ತೇಪೆಯ ಸುತ್ತ ಹಳದಿ ಟೇಪು ಅಂಟಿಸಿದ್ದರು. ಬಿಸಿಲಿನಲ್ಲಿ ಅದು ತೊಳೆದ ನೆಲದ ಮೇಲೆ ಚೆಲ್ಲಿದ ಹಾಲಿನ ಹಾಗೆ ಎದ್ದು ಕಾಣುತ್ತಿತ್ತು.

ಪಕ್ಕದಲ್ಲೇ ಕೂತು ಏನನ್ನೋ ಬರೆಯುತ್ತಿದ್ದ ವಯಸ್ಸಾದವನೊಬ್ಬ ತಲೆಯೆತ್ತಿದ. ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಜೇಬಿನಲ್ಲಿ ಟಾರ್ಚು. ಅವನೇ ಇನ್‌ಸ್ಪೆಕ್ಟರು. ಕಾರು ನೋಡಲು ಬಂದ ಗಿರಾಕಿ ಇರಬೇಕೆಂದು ಎಣಿಸಿ, ಇದರ ಸೀಟು ಬದಲಾಯಿಸಿ ಕೊಡುತ್ತೇವೆ, ಯೋಚಿಸಬೇಡಿ ಎಂದ. ಮೇಸ್ತ್ರಿ, ಹೊಲಿಗೆ ಚೆನ್ನಾಗಿಯೇ ಇದೆಯಲ್ಲ ಎಂದ. ಯಾಕೆ ಹಾಗೆಂದನೋ ಅವನಿಗೇ ತಿಳಿಯಲಿಲ್ಲ.

"ಅದೇ ನನಗೂ ಅರ್ಥವಾಗದ್ದು," ಎಂದ ಇನ್‌ಸ್ಪೆಕ್ಟರು. "ಮೂವತ್ತು ವರ್ಷದಿಂದ ಇದನ್ನೇ ನೋಡ್ತಿದ್ದೀನಿ. ಇಂಥ ಹೊಲಿಗೆ ಅಪರೂಪ. ಇಷ್ಟು ಚೆನ್ನಾಗಿ ಹೊಲಿಯೋನಿಗೆ ಬಣ್ಣ ಕಾಣಲಿಲ್ಲ ಅಂದ್ರೆ ನಾನು ನಂಬಲ್ಲ. ಅವನಿಗೆ ಯಾರ ಮೇಲೋ ಸಿಟ್ಟಿದ್ದಿರಬೇಕು."

ಅಂಗಳದಲ್ಲಿ ಯಾರೋ ಕಾರು ತೊಳೆಯುತ್ತಿದ್ದರು. ಮೇಸ್ತ್ರಿ ಕಾಗದದ ಕಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಆಮೇಲೆ ಕೇಳಿದ, ಇದನ್ನು ಬಿಚ್ಚಿ ಸರಿಯಾಗಿ ಹೊಲಿದರೆ ದಂಡ ತೆಗೆಯುತ್ತೀರಾ? ಇನ್‌ಸ್ಪೆಕ್ಟರು ಕನ್ನಡಕ ಏರಿಸಿ ಅವನ ಮುಖ ನೋಡಿದ, ಕಣ್ಣು ಕೆಳಗಿಳಿಸಿ ಅವನ ಬೆರಳುಗಳನ್ನು ನೋಡಿದ. ಲೆಕ್ಕ ಮುಗಿಸುವುದು ನಾಳೆ, ಅಷ್ಟರೊಳಗೆ ಸರಿಹೋದರೆ ಮತ್ತೊಮ್ಮೆ ನೋಡಬಹುದು, ಆದರೆ ಕಾರು ಇಲ್ಲಿಂದ ಹೊರಗೆ ಹೋಗುವ ಹಾಗಿಲ್ಲ, ಕಾರು ಒಪ್ಪಿಸಿದವರನ್ನೂ ಸಹಿಗೆ ಕರೆಸಬೇಕಾಗುತ್ತದೆ ಎಂದ. ಬೇರೇನೂ ಕೇಳಲಿಲ್ಲ.

ಮೇಸ್ತ್ರಿ ಬಸ್ಸಿನಲ್ಲಿ ಅಂಗಡಿಗೆ ಹೋಗಿ ಚೀಲದ ತುಂಬ ಸಲಕರಣೆ ಹೊತ್ತು ತಂದ. ಸೀಟನ್ನು ಕಳಚಿ ಅಂಗಳದಲ್ಲಿ ಒಂದು ಹಳೆಯ ಹೊದಿಕೆಯ ಮೇಲೆ ಮಗುಚಿ ಹಾಕಿದ. ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚುವುದು ಅವನಿಗೆ ಹೊಸದಲ್ಲ, ಆದರೆ ಇಂಥ ಒಳ್ಳೆಯ ಹೊಲಿಗೆಯನ್ನು ಅವನು ಎಂದೂ ಬಿಚ್ಚಿರಲಿಲ್ಲ. ನೆತ್ತಿಯ ಮೇಲೆ ಬಿಸಿಲು. ಗಾಜಿನ ಆಚೆ ಗಿರಾಕಿಗಳು ನಿಂತು ನೋಡಿ ಹೋಗುತ್ತಿದ್ದರು. ಮನೆಯವರು ಮಾತ್ರ, ಸಾಮಾನೇನೂ ಇಲ್ಲ ಎಂದು ಯಾರಿಗೆ ಹೇಳಿದ್ದನೋ ಆ ಹುಡುಗಿಯೂ ಬಂದು ನಿಂತಳು. ಹರಡಿದ್ದ ಅಂಟಿನ ಡಬ್ಬಿ, ಕತ್ತರಿ, ಮೊಳೆ, ಇಕ್ಕಳ ಎಲ್ಲವನ್ನೂ ನೋಡಿ, ಒಂದು ಬಾಟಲಿ ನೀರು ತಂದಿಟ್ಟು ಹೋದಳು.

ಒಳಮಡಿಕೆ ಕತ್ತರಿಸಿ, ಕೂಡಿಸಿ, ಹಳೆಯ ತೂತುಗಳಲ್ಲಿ ದಾರ ಎಳೆಯುತ್ತಿದ್ದಾಗ ಷಡ್ಡಕ ಗೇಟಿನಿಂದ ಒಳಗೆ ಬಂದ. ಇನ್‌ಸ್ಪೆಕ್ಟರು ಫೋನು ಮಾಡಿ ಕರೆಸಿದ್ದ. ಬಸ್ಸಿನಿಂದಿಳಿದು ನಡೆದು ಬಂದಿದ್ದಕ್ಕೆ ಷೂ ಮೇಲೆ ಧೂಳಿತ್ತು.

"ಇದೇನು ಮೇಸ್ತ್ರಿ? ನನಗೋಸ್ಕರ ಇಷ್ಟು ದೂರ ಬಂದು ಈ ಬಿಸಿಲಲ್ಲಿ..."

ಈಗಲೂ ಹೂಂ ಎಂದುಬಿಟ್ಟರೆ ಆಯಿತು. ಷಡ್ಡಕನ ಕಣ್ಣಲ್ಲಿ ಮೇಸ್ತ್ರಿ ಇನ್ನೂ ಎರಡಡಿ ಎತ್ತರವಾಗುತ್ತಿದ್ದ. ಆ ಆಸೆ ಒಂದು ಕ್ಷಣ ನಾಲಿಗೆಯ ತುದಿಯವರೆಗೂ ಬಂತು. ಅವನು ಸೂಜಿಯನ್ನು ಲೆದರಿಗೆ ಚುಚ್ಚಿ ನಿಲ್ಲಿಸಿದ.

"ಬಣ್ಣ ಬೇರೆ ಅಂತ ನನಗೆ ಅವತ್ತೇ ಗೊತ್ತಿತ್ತು ಭಾವ. ಬಿಸಿಲಿಗೆ ಹಿಡಿದು ನೋಡಲಿಲ್ಲ. ಬೇಕಂತಲೇ ನೋಡಲಿಲ್ಲ."

ಷಡ್ಡಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಯಾಕೆ ಎಂದ, ಅಷ್ಟೇ.

"ನಿಮ್ಮ ಕಾರಿಗೆ ಹೊರಟಾಗ ಅತ್ತೆ ಇಸ್ತ್ರಿ ಬಟ್ಟೆ ಉಡ್ತಾರೆ. ನನ್ನ ವ್ಯಾನಿಗೆ ಹಳೇ ಶಾಲು." ಹೇಳುವಾಗಲೇ ಅದು ಎಷ್ಟು ಚಿಕ್ಕ ಮಾತು ಎಂದು ಮೇಸ್ತ್ರಿಗೆ ಕೇಳಿಸಿತು. "ಇಷ್ಟೇನಾ ಅಂದ್ರೆ ಇಷ್ಟೇ. ಮೂರು ವರ್ಷದಿಂದ ಇಷ್ಟನ್ನೇ ಹೊಟ್ಟೇಲಿಟ್ಕೊಂಡಿದ್ದೆ."

ಷಡ್ಡಕನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಏನೋ ಕಳೆದುಕೊಂಡವನ ಗಲಿಬಿಲಿ ಇತ್ತು.

"ನಿಮ್ಮ ಅಂಗಡಿಗೆ ಬರೋವಾಗ ದಾರೀಲಿ ಇನ್ನಿಬ್ಬರು ಸೀಟಿನವರ ಅಂಗಡಿ ಸಿಕ್ತು. ನಮ್ಮ ಮೇಸ್ತ್ರಿ ಇರುವಾಗ ಇವರ್ಯಾಕೆ ಅಂತ ದಾಟ್ಕೊಂಡು ಬಂದೆ. ಕೆಲಸ ಹೋದದ್ದನ್ನ ಮನೆಯಿಂದ ಹೊರಗೆ ಮೊದಲು ಹೇಳಿದ್ದೂ ನಿಮಗೇ."

ಕೆಲಸ ಮುಗಿಯುವ ತನಕ ಅವನು ಆಚೆ ಗೋಡೆಯ ನೆರಳಲ್ಲಿ ನಿಂತಿದ್ದ. ಇನ್‌ಸ್ಪೆಕ್ಟರು ಬಿಸಿಲಲ್ಲೂ ಟಾರ್ಚಿನಲ್ಲೂ ಬಗ್ಗಿ ನೋಡಿ, ಬೆರಳಾಡಿಸಿ, ಹಳದಿ ಟೇಪು ಕಿತ್ತು ಉಂಡೆ ಮಾಡಿ ಬಿಸಾಡಿದ. ದಂಡ ರದ್ದಾಯಿತು. ಷಡ್ಡಕ ಸಹಿ ಮಾಡಿ, ಮೇಸ್ತ್ರಿಯ ಕಡೆ ನೋಡದೆ ಗೇಟು ದಾಟಿ ಬಸ್ಸಿನ ನಿಲ್ದಾಣದತ್ತ ನಡೆದ. ಮೇಸ್ತ್ರಿಗೂ ಹೋಗಬೇಕಾಗಿದ್ದುದು ಅದೇ ಬಸ್ಸಿನಲ್ಲಿ. ಅವನು ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಹೋದ.

ಲೀಸಿನ ಕಾಗದದ ವಿಷಯ ಆ ಹುಡುಗಿ ಕೇಳಲಿಲ್ಲ, ಇವನೂ ಎತ್ತಲಿಲ್ಲ.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಕೂಗಾಡಲಿಲ್ಲ. ಕುಡಿಯಲು ಚಹಾ ತಂದಿಟ್ಟು ಎದುರಿಗೆ ಕೂತಳು.

"ನಿಮಗೆ ಹೊಟ್ಟೆಕಿಚ್ಚು ಅಂತ ನನಗೆ ಗೊತ್ತಿತ್ತು," ಎಂದಳು. "ಅದು ಕೈಗೂ ಇಳಿದಿದೆ ಅಂತ ಗೊತ್ತಿರ್ಲಿಲ್ಲ."

ಎರಡು ಭಾನುವಾರ ಯಾರೂ ಬರಲಿಲ್ಲ. ಅತ್ತೆ ಮೂರು ಗಂಟೆಗೆ ಸಿದ್ಧರಾಗಿ ಕಿಟಕಿಯ ಬಳಿ ಕೂರುತ್ತಿದ್ದರು, ಐದಕ್ಕೆ ಎದ್ದು ಒಳಗೆ ಹೋಗುತ್ತಿದ್ದರು. ಮೇಸ್ತ್ರಿ ಅವರ ಊರುಗೋಲಿನ ತುದಿಗೆ ಸದ್ದಿಲ್ಲದೆ ಹೊಸ ರಬ್ಬರ್ ಹಾಕಿಸಿ ತಂದ. ಎರಡನೆಯ ಭಾನುವಾರ ಸಂಜೆ ಅವರೆದುರು ಕೂತು ತಪ್ಪೊಪ್ಪಿಕೊಂಡ. ಸೀಟು ಹರಿದದ್ದು ಹೇಗೆಂಬುದನ್ನು ಮಾತ್ರ ಬಿಟ್ಟ. ಷಡ್ಡಕ ಕೇಳಿಕೊಂಡಿದ್ದರಲ್ಲಿ ಅದೊಂದಾದರೂ ಉಳಿಯಲಿ ಎಂದು.

ಅತ್ತೆ ಪೂರ್ತಿಯಾಗಿ ಕೇಳಿಸಿಕೊಂಡರು. ಎಕ್ಸ್‌ಚೇಂಜಿನಲ್ಲಿ ಕೂತು ಎಷ್ಟೋ ಮನೆಗಳ ಜಗಳ ಕೇಳಿದ ಕಿವಿ ಅದು.

"ಅಳಿಯಂದಿರೇ, ಆ ಕಾರಲ್ಲಿ ಕೂತಾಗ ನಾನು ಏನು ಮಾತಾಡ್ತೀನಿ ಅಂತ ಅವರನ್ನೇ ಕೇಳಿ. ಬರೀ ನಿಮ್ಮ ಮಾತೇ. ಕುರ್ಚಿ ಮೂರು ಸಲ ಬಿಚ್ಚಿ ಹೊಲಿದ್ರು, ಬಿಸಿನೀರು ಕಾಯಿಸಿಟ್ರು ಅಂತ. ನಮ್ಮ ಯಜಮಾನರದ್ದು ಒಂದೂ ಕಾಣಲ್ವಾ ನಿನಗೆ ಅಂತ ಜೊತೇಲಿ ಕೂತ ದೊಡ್ಡವಳು ಮುಖ ಊದಿಸ್ಕೋತಾಳೆ." ಊರುಗೋಲನ್ನು ಮಗ್ಗುಲಿಗೆ ಒರಗಿಸಿ ಮತ್ತೆ ಹೇಳಿದರು. "ದಿನಾ ಎದುರಿಗಿರೋರನ್ನ ಎದುರಿಗೇ ಹೊಗಳೋಕೆ ನನಗೆ ಬಾಯಿ ಬರಲ್ಲ. ಊಟ ಹಾಕ್ತಾರೆ ಅಂತ ಹೊಗಳಿದ ಹಾಗಾಗುತ್ತೆ."

ಮೇಸ್ತ್ರಿಗೆ ಸಮಾಧಾನವೂ ಆಯಿತು, ಮೂರು ವರ್ಷ ವ್ಯರ್ಥವಾಗಿ ಬೆಂದೆನಲ್ಲ ಎಂಬ ಸಿಟ್ಟೂ ಬಂತು. ಆ ಸಿಟ್ಟು ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಆ ತಿಂಗಳಲ್ಲೇ ಒಂದು ಸೆಕೆಂಡ್‌ಹ್ಯಾಂಡ್ ವ್ಯಾನು ಕೊಂಡರು. ಹೆಂಡತಿಯೇ ಎರಡು ಸಲ ಸುತ್ತಿ ಬಂದು, ಕೆಳಗೆ ಬಗ್ಗಿ ನೋಡಿ ಒಪ್ಪಿದ್ದು. ಹತ್ತುವ ಮೆಟ್ಟಿಲು ತಗ್ಗಿನಲ್ಲಿತ್ತು. ಹಿಂದೆ ಎರಡು ಸೋಫಾ ಹಿಡಿಯುವಷ್ಟು ಜಾಗ. ಮುಂದಿನ ಸೀಟನ್ನು ಮೇಸ್ತ್ರಿ ಕಿತ್ತುಹಾಕಿ, ಅತ್ತೆಯ ಬೆನ್ನಿಗೆ ಹೊಂದುವಂತೆ ಹೊಸದಾಗಿ ಮಾಡಿ ಕೂರಿಸಿದ. ಬಾಗಿಲಿಗೆ ಬಿದ್ದ ಮೊದಲ ಗೀರನ್ನು ನೋಡಿ ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಮೂರು ತಿಂಗಳು ಕಳೆದ ಮೇಲೆ ಷಡ್ಡಕ ಅಂಗಡಿಗೆ ಬಂದ. ಕುಶಲ ಕೇಳಲಿಲ್ಲ. ಅವನು ಸ್ವಂತದ್ದೊಂದು ಕೆಲಸ ಶುರು ಮಾಡಿದ್ದ. ಮನೆಯಲ್ಲಿ ರೋಗಿಗಳಿರುವವರಿಗೆ ಆಸ್ಪತ್ರೆಯ ಮಂಚಗಳನ್ನು ಬಾಡಿಗೆಗೆ ಕೊಡುವುದು. ಮಂಚ ಸಾಗಿಸಲು ವಾರಕ್ಕೆರಡು ದಿನ ಗಾಡಿ ಬೇಕಿತ್ತು. ಜೇಬಿನಿಂದ ಒಂದು ಕಾಗದ ತೆಗೆದು ಕತ್ತರಿಸುವ ಮೇಜಿನ ಮೇಲಿಟ್ಟ. ಮಂಗಳವಾರ ಮತ್ತು ಶನಿವಾರ ವ್ಯಾನು ಅವನಿಗೆ, ತಿಂಗಳಿಗೆ ಇಷ್ಟು ಬಾಡಿಗೆ, ಇಷ್ಟು ಕಿಲೋಮೀಟರ್ ಮೀರುವಂತಿಲ್ಲ, ಗೀರು ಬಿದ್ದರೆ ಖರ್ಚು ಅವನದು. ಥೇಟ್ ಷೋರೂಮಿನ ಲೀಸಿನಂತೆಯೇ ಬರೆದಿದ್ದ. ಓದುತ್ತ ಮೇಸ್ತ್ರಿಗೆ ನಗು ಬಂತು. ತಲೆಯೆತ್ತಿದರೆ ಷಡ್ಡಕ ನಗುತ್ತಿರಲಿಲ್ಲ. ಮೇಸ್ತ್ರಿ ಪೆನ್ನು ಹುಡುಕಿ ಸಹಿ ಹಾಕಿದ.

ಹಳೆಯ ಸಲಿಗೆ ಪೂರ್ತಿಯಾಗಿ ಮರಳಲಿಲ್ಲ. ಷಡ್ಡಕ ಕೀ ತೆಗೆದುಕೊಳ್ಳುವಾಗ ನಾಲ್ಕು ಮಾತು, ಕೊಡುವಾಗ ನಾಲ್ಕು ಮಾತು. ಆದರೆ ಬಾಡಿಗೆ ಒಂದು ದಿನವೂ ತಪ್ಪಲಿಲ್ಲ, ವ್ಯಾನು ಪ್ರತಿ ಸಲ ತೊಳೆದುಕೊಂಡೇ ಬರುತ್ತಿತ್ತು. ಒಂದು ಮಂಗಳವಾರ, ಮಂಚದ ತಲೆಗಡೆಯ ದಿಂಬು ಹರಿದಿದೆ, ನೋಡ್ತೀರಾ ಎಂದು ಕೇಳಿದ. ಮೇಸ್ತ್ರಿ ತುಂಡು ಹಿಡಿದುಕೊಂಡು ಬಾಗಿಲ ಹೊರಗೆ ಬಿಸಿಲಿಗೆ ನಡೆದ. ಷಡ್ಡಕನೂ ಜೊತೆಗೆ ಬಂದು ನಿಂತು ನೋಡಿದ.

ಮುಂದಿನ ಶನಿವಾರ ಅತ್ತೆಯ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಮಂಚ ತಲುಪಿಸಬೇಕಾಗಿತ್ತು. ನಾನೂ ಬರುತ್ತೇನೆ, ಅವಳನ್ನು ನೋಡದೆ ಎಷ್ಟು ವರ್ಷವಾಯಿತು ಎಂದು ಅತ್ತೆ ಹೊರಟರು. ಷಡ್ಡಕ ಕೈಹಿಡಿದು ಹತ್ತಿಸಿದ. ಮೇಸ್ತ್ರಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಗ ವ್ಯಾನು ಎದುರಿನಿಂದಲೇ ಹಾದುಹೋಯಿತು. ಷಡ್ಡಕ ಏನೋ ಹೇಳುತ್ತಿದ್ದ, ಅತ್ತೆ ತಲೆ ಹಿಂದಕ್ಕೆ ಹಾಕಿ ಬಾಯ್ತುಂಬ ನಗುತ್ತಿದ್ದರು.

ಗಾಡಿ ತನ್ನದು, ಬಾಡಿಗೆ ಬರುವುದು ತನಗೆ. ಆದರೂ ಹೊಟ್ಟೆಯೊಳಗೆ ಚುರ್ರೆಂದಿತು. ಅಷ್ಟು ಚೆನ್ನಾಗಿ ನಗುವಂಥದ್ದು ಅವನು ಏನು ಹೇಳಿದ್ದಾನು? ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಮೇಸ್ತ್ರಿ ಅಲ್ಲೇ ನಿಂತಿದ್ದ. ಸಂಜೆ ಅತ್ತೆ ಬಂದ ಮೇಲೆ ಕೇಳಿಯೇಬಿಡಬೇಕು ಎಂದುಕೊಂಡು, ಐದು ಗಂಟೆಗೆ ಕೊಡಬೇಕಾಗಿದ್ದ ಕುರ್ಚಿಯ ಕೆಲಸಕ್ಕೆ ಒಳಗೆ ಹೋದ.